ಚೆಂಡು ಎಸೆಯಬಹುದು, ಪಾಠ ಹೇಳಬಾರದು: ಅಮೆರಿಕದ ಕಾಲೇಜು ಸಾಫ್ಟ್‌ಬಾಲ್ ತಂಡದೊಳಗಿನಿಂದ

2023ರ ಆಗಸ್ಟಿನಲ್ಲಿ ಒಹಾಯೊದ ಒಂದು ವಿಶ್ವವಿದ್ಯಾಲಯಕ್ಕೆ ಕಿನೀಸಿಯಾಲಜಿ, ಅಂದರೆ ದೇಹದ ಚಲನೆಯ ಅಧ್ಯಯನದಲ್ಲಿ ಎಂ.ಎಸ್. ಮಾಡಲು ಹೋದೆ. ಸಾಫ್ಟ್‌ಬಾಲ್ ಅಂದರೆ ಬೇಸ್‌ಬಾಲಿನಂಥದೇ ಆಟ. ಅಲ್ಲಿನ ಮಹಿಳಾ ಸಾಫ್ಟ್‌ಬಾಲ್ ತಂಡ ಕಾಲೇಜು ಕ್ರೀಡೆಯ ಮೇಲಿನ ಹಂತವಾದ ಡಿವಿಷನ್ ಒನ್‌ನಲ್ಲಿ ಆಡುತ್ತಿತ್ತು. ಆ ತಂಡಕ್ಕೆ ಸ್ಟೂಡೆಂಟ್ ಮ್ಯಾನೇಜರ್ ಆಗಿ ಸೇರಿಕೊಂಡೆ. ಮೈಸೂರಿನಲ್ಲಿ ಡಿಗ್ರಿ ಓದುವಾಗ ಯೂನಿವರ್ಸಿಟಿ ತಂಡಕ್ಕೆ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವಳು ಆಗಿದ್ದವಳು ನಾನು. ಕೈ ಪೂರ್ತಿ ಸುತ್ತು ಹಾಕಿ ಸೊಂಟದ ಹತ್ತಿರ ಚೆಂಡು ಬಿಡುವ ವಿಂಡ್‌ಮಿಲ್ ಪಿಚಿಂಗ್ ಬರುತ್ತಿತ್ತು. ಕೆಲಸ ಸಿಕ್ಕಿದ್ದು ಅದರಿಂದಲೇ.

ಮೊದಲ ದಿನ ನಿಯಮಪಾಲನೆ ನೋಡಿಕೊಳ್ಳುವ ಕಂಪ್ಲಯನ್ಸ್ ಆಫೀಸಿನವರು ಕೂರಿಸಿಕೊಂಡು ನಿಯಮ ಹೇಳಿದರು. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ. ಅದರ ಪ್ರಕಾರ ಮ್ಯಾನೇಜರ್ ಡ್ರಿಲ್‌ಗೆ ಕೈ ಜೋಡಿಸಬಹುದು, ಬ್ಯಾಟಿಂಗ್ ಪ್ರಾಕ್ಟೀಸಿಗೆ ಚೆಂಡು ಎಸೆಯಬಹುದು. ಆದರೆ ಆಟಗಾರ್ತಿಯರಿಗೆ ಆಟ ಹೇಳಿಕೊಡುವ ಹಾಗಿಲ್ಲ. "ನಿನ್ನ ಮೊಣಕೈ ಕೆಳಗಿದೆ" ಅನ್ನುವುದೂ ಪಾಠವೇ. ಅದನ್ನು ಕೋಚ್ ಅಂತ ಲೆಕ್ಕಕ್ಕೆ ಬರುವವರು ಮಾತ್ರ ಹೇಳಬೇಕು.

ಫೋನಿನಲ್ಲಿ ಅಮ್ಮನಿಗೆ ಹೇಳಿದಾಗ, "ಅಲ್ಲಾ ಪುಟ್ಟಿ, ಅಷ್ಟು ದೂರ ಹೋಗಿ ಚೆಂಡು ಹೆಕ್ಕೋ ಕೆಲಸನಾ?" ಅಂದರು. ಹೆಕ್ಕುವ ಕೆಲಸವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಆಗ ಕೋಚ್ ಅಂತ ಲೆಕ್ಕಕ್ಕೆ ಬರುತ್ತಿದ್ದವರು ನಾಲ್ಕೇ ಜನ. 2023ರ ಜುಲೈ 1ಕ್ಕೆ ಮುಂಚೆ ಹೆಡ್ ಕೋಚ್, ಇಬ್ಬರು ಅಸಿಸ್ಟೆಂಟ್‌ಗಳು, ಜೊತೆಗೆ ಸಂಬಳವಿಲ್ಲದ ಒಬ್ಬ ವಾಲಂಟಿಯರ್ ಕೋಚ್ ಅಂತ ಇತ್ತು. ಆ ವಾಲಂಟಿಯರ್ ಹುದ್ದೆಯನ್ನು ಎನ್‌ಸಿಎಎ ಅಂದಿನಿಂದ ತೆಗೆದುಹಾಕಿತು. ಹೆಡ್ ಕೋಚ್ ಜೊತೆ ಮೂವರು ಅಸಿಸ್ಟೆಂಟ್‌ಗಳಿಗೂ ಸಂಬಳ ಕೊಡಬಹುದು ಅಂತಾಯಿತು. ವರ್ಷಗಟ್ಟಲೆ ಬೇಸಿಗೆ ಕ್ಯಾಂಪ್ ನಡೆಸಿ ಜೀವನ ಸಾಗಿಸಿದವರು ಈ ಕ್ರೀಡೆಯಲ್ಲಿ ಬೇಕಾದಷ್ಟು ಜನ ಇದ್ದರು. ಕೊನೆಗಾದರೂ ಸರಿಹೋಯಿತಲ್ಲ ಅಂತ ನನಗೆ ಖುಷಿಯಾಯಿತು.

ನಮ್ಮಲ್ಲಿ ಕೆಲಸ ಹಂಚಿಕೆ ಹೀಗಿತ್ತು. ಒಬ್ಬರು ಪಿಚರ್‌ಗಳನ್ನು ಮತ್ತು ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್‌ಗಳನ್ನು ನೋಡಿಕೊಳ್ಳುವವರು. ಒಬ್ಬರು ಬ್ಯಾಟಿಂಗ್. ಮೂರನೆಯವರು ಫೀಲ್ಡಿಂಗ್ ಜೊತೆಗೆ ಹೊಸಬರನ್ನು ಹುಡುಕುವ ಓಡಾಟ. ಹೆಡ್ ಕೋಚ್ ಪಂದ್ಯದ ವೇಳೆ ಮೂರನೆಯ ಬೇಸ್ (ಓಡುವವರು ಮುಟ್ಟಬೇಕಾದ ಗುರುತು) ಪಕ್ಕ ನಿಂತು ಓಟಗಾರ್ತಿಯರಿಗೆ ಓಡು, ನಿಲ್ಲು ಅಂತ ಕೈ ಬೀಸುವವರು. ಇವರಲ್ಲದೆ ಬಸ್ಸು, ಹೋಟೆಲ್, ಊಟ, ದುಡ್ಡು ನೋಡುವ ಆಪರೇಷನ್ಸ್ ಡೈರೆಕ್ಟರ್, ಜಿಮ್ ಮಾಡಿಸುವ ಸ್ಟ್ರೆಂತ್ ಕೋಚ್, ಗಾಯ ನೋಡುವ ಅಥ್ಲೆಟಿಕ್ ಟ್ರೈನರ್. ತಲೆಗೆ ಪೆಟ್ಟು ಬಿದ್ದರೆ ಆಡಬಹುದಾ ಬೇಡವಾ ಅನ್ನುವುದು ಟ್ರೈನರ್ ಮತ್ತು ಡಾಕ್ಟರ್ ಮಾತು. ಹೆಡ್ ಕೋಚ್ ಕೂಡ ಅದಕ್ಕೆ ಎದುರಾಡುತ್ತಿರಲಿಲ್ಲ.

ಊರಲ್ಲಿ ನಮ್ಮ ಪಿ.ಡಿ. ಸರ್ ಒಬ್ಬರೇ ಇಷ್ಟೂ ಆಗಿದ್ದರು. ಪಿಚಿಂಗ್ ಅವರೇ, ಬ್ಯಾಟಿಂಗ್ ಅವರೇ, ರೈಲು ಟಿಕೆಟ್ ಅವರೇ, ಕಾಲು ಉಳುಕಿದರೆ ಬಾಮ್ ಹಚ್ಚುವವರೂ ಅವರೇ. ಅದರಲ್ಲಿ ಒಂದು ಅನುಕೂಲ ಇತ್ತು. ಕೇಳಿಸಿಕೊಳ್ಳಬೇಕಾದ ದನಿ ಒಂದೇ. ನಾಲ್ಕು ಜನ ಕೋಚ್‌ಗಳಿರುವ ಕಡೆ ಬ್ಯಾಟ್ ಹಿಡಿದು ನಿಂತವಳಿಗೆ ನಾಲ್ಕು ಬುದ್ಧಿವಾದ ಬಂದರೆ ಕೆಲಸ ಕೆಟ್ಟಂತೆ. ಕಾಲೇಜು ಸಾಫ್ಟ್‌ಬಾಲಿನಲ್ಲಿ ಪಿಚರ್ ನಿಲ್ಲುವುದು 43 ಅಡಿ ದೂರದಲ್ಲಿ. ಗಂಟೆಗೆ 65 ಮೈಲಿ ವೇಗದ ಚೆಂಡು ಬ್ಯಾಟಿನ ಹತ್ತಿರ ಬರಲು ಅರ್ಧ ಸೆಕೆಂಡೂ ಬೇಡ. ಅಷ್ಟರಲ್ಲಿ ತಲೆಯಲ್ಲಿ ಒಂದು ಮಾತಿಗೆ ಜಾಗ ಇದ್ದರೆ ಹೆಚ್ಚು.

ಸೇರಿದ ಹೊಸದರಲ್ಲಿ ನಡೆದದ್ದು ಹೇಳುತ್ತೇನೆ. ಬಲೆ ಕಟ್ಟಿದ ಕೇಜಿನೊಳಗೆ ಅಡ್ಡಪರದೆಯ ಹಿಂದೆ ನಿಂತು ಫ್ರೆಶ್‌ಮನ್, ಅಂದರೆ ಮೊದಲ ವರ್ಷದ ಒಬ್ಬ ಹುಡುಗಿಗೆ ಚೆಂಡು ಎಸೆಯುತ್ತಿದ್ದೆ. ಹೊರಗಿನ ಮೂಲೆಗೆ ಹಾಕಿದ್ದೆಲ್ಲ ಗೆರೆಯಾಚೆ ಹೋಗಿ ಫೌಲ್ ಆಗುತ್ತಿತ್ತು. "ನಾನು ಲೇಟಾ?" ಅಂತ ಕೇಳಿದಳು. ಲೇಟಲ್ಲ, ಮುಂದಿನ ಭುಜ ಬೇಗ ತೆರೆದುಕೊಳ್ಳುತ್ತಿದೆ ಅಂತ ನನಗೆ ಕಣ್ಣಿಗೆ ಕಟ್ಟಿದ ಹಾಗೆ ಗೊತ್ತು. "ಕೋಚ್‌ನ ಕೇಳು" ಅಂದೆ. ಅವಳಿಗೆ ಸಿಟ್ಟು ಬಂತು. "ನಿಂಗೆ ಗೊತ್ತಿದೆ ತಾನೆ, ಹೇಳೋಕೇನು?" ಅಂದಳು. ನಾನು ಇನ್ನೊಂದು ಚೆಂಡು ತೆಗೆದುಕೊಂಡೆ.

ಸಂಜೆ ಹಿಟ್ಟಿಂಗ್ ಕೋಚ್‌ಗೆ ವಿಷಯ ತಿಳಿಸಿದೆ. ಭುಜ ಅವರಿಗೂ ಕಂಡಿತ್ತು. ಆದರೆ ಆ ವಾರ ಅವಳ ಕಾಲಿನ ಬಗ್ಗೆ ಮಾತ್ರ ಮಾತಾಡೋಣ ಅಂತ ಬೇಕಂತಲೇ ಭುಜ ಬಿಟ್ಟಿದ್ದರಂತೆ. ಹಿಂದಿನ ಕಾಲು ಸರಿಯಾದರೆ ಭುಜ ತಾನಾಗೇ ನಿಲ್ಲುತ್ತೆ ಅನ್ನುವುದು ಅವರ ಲೆಕ್ಕ. ನಾನು ಬಾಯಿ ಬಿಟ್ಟಿದ್ದರೆ ಅವಳು ಎರಡನ್ನೂ ಹಿಡಿದುಕೊಂಡು ಒದ್ದಾಡುತ್ತಿದ್ದಳು. ಅಲ್ಲಿಂದ ನಮ್ಮ ನಡುವೆ ಒಂದು ಪದ್ಧತಿ ಬೆಳೆಯಿತು. ಕೇಜಿನಲ್ಲಿ ನಾನು ಕಂಡದ್ದನ್ನು ಫೋನಿನಲ್ಲಿ ಒಂದು ಸಾಲು ಬರೆದು ಕೋಚ್‌ಗೆ ಕಳಿಸುವುದು. ಹೇಳುವುದೋ ಬಿಡುವುದೋ ಅವರಿಗೆ ಬಿಟ್ಟದ್ದು. ಮುಕ್ಕಾಲು ಪಾಲು ಅವರು ಬಿಟ್ಟೇಬಿಡುತ್ತಿದ್ದರು.

ಮಾತಾಡಲು ಆಗದ ನನಗೆ ಕೈತುಂಬ ಕೆಲಸ ಕೊಟ್ಟದ್ದು ಕೈಪಟ್ಟಿಯ ಕಾರ್ಡು. ಟಿವಿಯಲ್ಲಿ ಪಂದ್ಯ ನೋಡಿದವರು ಗಮನಿಸಿರಬಹುದು. ಪಿಚಿಂಗ್ ಕೋಚ್ ತಂಡ ಕೂರುವ ಡಗೌಟಿನ ಅಂಚಿನಲ್ಲಿ ಬೋರಲು ಬಕೆಟ್ ಮೇಲೆ ಕೂತು ಮೂರು ಅಂಕಿ ಕೂಗುತ್ತಾರೆ. ಕ್ಯಾಚರ್ ತನ್ನ ಮಣಿಕಟ್ಟು ನೋಡಿಕೊಳ್ಳುತ್ತಾಳೆ. ಅಲ್ಲಿ ಪ್ಲಾಸ್ಟಿಕ್ ಕಿಟಕಿಯೊಳಗೆ ಚೌಕುಳಿ ಚೌಕುಳಿಯ ಒಂದು ಕಾರ್ಡ್. ಮೊದಲ ಎರಡು ಅಂಕಿ ಕಾಲಂ, ಕೊನೆಯದು ಸಾಲು. ಎರಡೂ ಸೇರುವ ಮನೆಯಲ್ಲಿ ಯಾವ ಚೆಂಡು, ಯಾವ ಮೂಲೆಗೆ ಅಂತ ಬರೆದಿರುತ್ತದೆ. ಮೇಲೇಳುವಂತೆ ಕಾಣುವ ರೈಸ್ ಬಾಲ್ ಒಳಗೆ, ಕೆಳಗಿಳಿಯುವ ಡ್ರಾಪ್ ಬಾಲ್ ಹೊರಗೆ, ನಿಧಾನಕ್ಕೆ ಬರುವ ಚೇಂಜ್ ಅಪ್, ಹೀಗೆ. ಕೆಲವು ತಂಡಗಳಲ್ಲಿ ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್ ಶಾರ್ಟ್‌ಸ್ಟಾಪ್ ಕೈಯಲ್ಲೂ ಅದೇ ಕಾರ್ಡ್. ಹೊರಗಿನ ಡ್ರಾಪ್ ಬರುತ್ತಿದೆ ಅಂತ ಗೊತ್ತಾದರೆ ಅವಳು ಅರ್ಧ ಹೆಜ್ಜೆ ಮುಂಚೆಯೇ ಸರಿದಿರುತ್ತಾಳೆ.

ಈ ಕಾರ್ಡನ್ನು ನಾನು ಎಕ್ಸೆಲ್‌ನಲ್ಲಿ ಮಾಡುತ್ತಿದ್ದೆ. ಸುಮ್ನೆ ಎಲ್ಲ ಚೆಂಡನ್ನೂ ಸಮನಾಗಿ ಹಂಚಿದರೆ ಆಗುವುದಿಲ್ಲ. ನಮ್ಮ ಮುಖ್ಯ ಪಿಚರ್ ಜಾಸ್ತಿ ಹಾಕುತ್ತಿದ್ದದ್ದು ಹೊರಗಿನ ಡ್ರಾಪ್. ಅದಕ್ಕೆ ಒಂದೇ ಮನೆ ಕೊಟ್ಟರೆ ಕೋಚ್ ಅದೇ ಅಂಕಿಯನ್ನು ಮತ್ತೆ ಮತ್ತೆ ಕೂಗಬೇಕಾಗುತ್ತದೆ. ಎದುರು ಡಗೌಟಿನಲ್ಲೂ ನನ್ನಂಥವಳೇ ಒಬ್ಬಳು ಪೆನ್ನು ಹಿಡಿದು ಕೂತಿರುತ್ತಾಳೆ, ಮೂರನೇ ಇನ್ನಿಂಗ್ಸ್ ಹೊತ್ತಿಗೆ ಬಿಡಿಸಿಬಿಡುತ್ತಾಳೆ. ಹಾಗಾಗಿ ಹೆಚ್ಚು ಬಳಸುವ ಚೆಂಡಿಗೆ ಹೆಚ್ಚು ಮನೆ, ಅಪರೂಪದ್ದಕ್ಕೆ ಕಡಿಮೆ. ಪ್ರತಿ ಪಂದ್ಯಕ್ಕೂ ಅಂಕಿಗಳನ್ನು ಕಲಸಿ ಹೊಸ ಕಾರ್ಡ್. ಒಂದೊಂದು ಪಿಚರ್‌ಗೂ ಬೇರೆ ಬೇರೆ, ಯಾಕೆಂದರೆ ರೈಸ್ ಬಾಲ್ ಎಲ್ಲರಿಗೂ ಬರುವುದಿಲ್ಲ. ಇಂಕ್‌ಜೆಟ್‌ನಲ್ಲಿ ಪ್ರಿಂಟ್ ಮಾಡಿದರೆ ಮಳೆಗೂ ಬೆವರಿಗೂ ಅಕ್ಷರ ಕಲೆಸಿಹೋಗುತ್ತದೆ, ಲೇಸರ್ ಪ್ರಿಂಟೇ ಆಗಬೇಕು. ಅಕ್ಷರ ದಪ್ಪಗಿರಲಿ. ರಾತ್ರಿ ಪಂದ್ಯದಲ್ಲಿ ಫ್ಲಡ್‌ಲೈಟಿನ ಬೆಳಕು ಪ್ಲಾಸ್ಟಿಕ್ ಮೇಲೆ ಬಿದ್ದರೆ ಸಣ್ಣಕ್ಷರ ಕಾಣುವುದೇ ಇಲ್ಲ.

ಇನ್ನೊಂದು ಕೆಲಸ ಎದುರು ತಂಡದ ಪಿಚರ್‌ಗಳನ್ನು ಓದುವುದು. ವಿಡಿಯೊ ಹಾಕಿಕೊಂಡು ಒಂದೊಂದು ಚೆಂಡನ್ನೂ ಬರೆಯುವುದು: ಎಷ್ಟು ಸ್ಟ್ರೈಕ್ (ಬ್ಯಾಟರ್ ಬೀಸಿ ತಪ್ಪಿಸಿದ ಅಥವಾ ಎಟುಕಿನಲ್ಲಿ ಬಂದೂ ಬಿಟ್ಟ ಚೆಂಡು), ಎಷ್ಟು ಬಾಲ್ (ಎಟುಕಿನಾಚೆ ಹೋದ ಚೆಂಡು) ಇದ್ದಾಗ ಏನು ಹಾಕಿದಳು, ಬ್ಯಾಟರ್ ಏನು ಮಾಡಿದಳು. ಮೊದಮೊದಲು ನಾನು ಪುಟಗಟ್ಟಲೆ ವರದಿ, ಬಣ್ಣಬಣ್ಣದ ಚಾರ್ಟ್ ಮಾಡಿ ಕೊಡುತ್ತಿದ್ದೆ. ಹಿಟ್ಟಿಂಗ್ ಕೋಚ್ ಕೆಂಪು ಪೆನ್ನು ತೆಗೆದುಕೊಂಡು ಗೀಚುತ್ತಾ ಬರುತ್ತಿದ್ದರು. ಕೊನೆಗೆ ಉಳಿಯುತ್ತಿದ್ದದ್ದು ಮೂರು ಸಾಲು. "ಮೊದಲ ಚೆಂಡು ಸ್ಟ್ರೈಕ್ ಹಾಕ್ತಾಳೆ, ಕಾಯಬೇಡಿ. ಎರಡು ಸ್ಟ್ರೈಕ್ ಆದ ಮೇಲೆ ಎದೆಮಟ್ಟದ ರೈಸ್ ಬಾಲ್, ಬೆನ್ನಟ್ಟಬೇಡಿ. ಚೇಂಜ್ ಅಪ್ ಹಾಕುವಾಗ ಗ್ಲೌಸ್ ಅಗಲ ಆಗುತ್ತೆ." ಆ ಮೂರನೆಯ ಸಾಲು ಸಿಕ್ಕಿದ ದಿನ ಕೋಚ್ ನನ್ನ ಬೆನ್ನು ತಟ್ಟಿದರು. ಪಿಚರ್ ಚೆಂಡಿನ ಹಿಡಿತ ಬದಲಿಸುವಾಗ ಗ್ಲೌಸಿನ ಬೆರಳು ಸ್ವಲ್ಪ ಬಿಚ್ಚಿಕೊಳ್ಳುತ್ತದೆ, ಅಷ್ಟೇ. ನಿಧಾನಕ್ಕೆ ಓಡಿಸಿದರೂ ಎಲ್ಲರ ಕಣ್ಣಿಗೆ ಬೀಳುವುದಲ್ಲ. ನಾನೂ ಪಿಚರ್ ಆಗಿದ್ದರಿಂದ ಕಾಣುತ್ತಿತ್ತು ಅಂತ ಕಾಣುತ್ತೆ.

ಇಷ್ಟೆಲ್ಲ ಮಾಡಲು ಸಮಯ ಎಷ್ಟು? ಸೀಸನ್ನಿನಲ್ಲಿ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ, ವಾರಕ್ಕೊಂದು ದಿನ ಕಡ್ಡಾಯ ರಜೆ. ಇದು ಆಟಗಾರ್ತಿಯರಿಗಿರುವ ಮಿತಿ. ಪಂದ್ಯದ ದಿನ ಎಷ್ಟೇ ಹೊತ್ತಾದರೂ 3 ಗಂಟೆ ಅಂತ ಲೆಕ್ಕ. ಕಾನ್ಫರೆನ್ಸ್, ಅಂದರೆ ನಮ್ಮ ಲೀಗಿನ ಕಾಲೇಜುಗಳ ನಡುವಿನ ಸರಣಿಗಳು ಸಾಮಾನ್ಯವಾಗಿ ಶುಕ್ರವಾರದಿಂದ ಭಾನುವಾರ, ಮೂರು ಪಂದ್ಯ. ಸೋಮವಾರ ಹುಡುಗಿಯರಿಗೆ ರಜೆ. ಕೋಚ್‌ಗಳಿಗೆ ಆವತ್ತೇ ಜಾಸ್ತಿ ಕೆಲಸ. ಇನ್ನು ಫೆಬ್ರವರಿಯ ಕಥೆ ಬೇರೆ. ಸೀಸನ್ ಶುರುವಾಗುವುದು ಆ ತಿಂಗಳ ಮೊದಲಲ್ಲಿ, ಆಗ ಒಹಾಯೊ ಮೈದಾನದ ಮೇಲೆ ಹಿಮ. ಉತ್ತರದ ತಂಡಗಳೆಲ್ಲ ವಾರಾಂತ್ಯ ಬಂದರೆ ಫ್ಲಾರಿಡಾ, ಕೆರೊಲಿನಾ ಕಡೆ ಓಡುತ್ತವೆ. ತರಗತಿ ಮುಗಿಸಿ ಬಸ್ಸು ಹತ್ತುವುದು, ಬಸ್ಸಿನಲ್ಲೇ ಹೋಮ್‌ವರ್ಕ್, ಹೋಟೆಲಿನ ಕಾನ್ಫರೆನ್ಸ್ ರೂಮಿನಲ್ಲಿ ಪರೀಕ್ಷೆ.

ಕೋಚ್‌ಗಳ ನಡುವೆ ಜಗಳ ಇರಲಿಲ್ಲವಾ ಅಂದರೆ, ಇತ್ತು. ಬಾಗಿಲು ಹಾಕಿಕೊಂಡು ಆಡುತ್ತಿದ್ದರು. ಒಂದು ದೊಡ್ಡ ಚರ್ಚೆ ನಮ್ಮ ಮುಖ್ಯ ಪಿಚರ್ ಬಗ್ಗೆ. ಎದುರಾಳಿ ಬ್ಯಾಟರ್‌ಗಳು ಅವಳನ್ನು ಮೂರನೇ ಸಲ ಎದುರಿಸುವ ಹೊತ್ತಿಗೆ ಚೆಂಡು ಓದಲು ಕಲಿತಿರುತ್ತಿದ್ದರು. ನನ್ನ ಚಾರ್ಟಿನಲ್ಲಿ ಅದು ಹಿಟ್‌ಗಳಲ್ಲಿ ಕಾಣುವ ಮುಂಚೆ ಫೌಲ್‌ಗಳಲ್ಲಿ ಕಾಣುತ್ತಿತ್ತು. ಮೊದಲ ಸುತ್ತಿನಲ್ಲಿ ಬೀಸಿ ತಪ್ಪಿಸಿಕೊಂಡ ಚೆಂಡೇ ಮೂರನೇ ಸುತ್ತಿನಲ್ಲಿ ಬ್ಯಾಟಿಗೆ ತಗುಲಿ ಹಿಂದೆ ಹೋಗುತ್ತಿತ್ತು. ತೆಗೆಯೋಣ ಅಂತ ಹಿಟ್ಟಿಂಗ್ ಕೋಚ್. ಅವಳಿಗಿಂತ ಒಳ್ಳೆಯವಳು ನಮ್ಮಲ್ಲಿ ಯಾರಿದ್ದಾರೆ ಅಂತ ಪಿಚಿಂಗ್ ಕೋಚ್. ಇಬ್ಬರದೂ ನಿಜ. ಹೆಡ್ ಕೋಚ್ ಕೊನೆಗೆ ಕಂಡುಕೊಂಡ ದಾರಿ ಸಾಫ್ಟ್‌ಬಾಲಿನ ನಿಯಮದಲ್ಲೇ ಇತ್ತು. ಮೊದಲ ಹನ್ನೊಂದರಲ್ಲಿದ್ದವರು ಒಮ್ಮೆ ಹೊರಗೆ ಹೋದರೆ ಮುಗಿಯಿತು ಅನ್ನುವ ಫುಟ್‌ಬಾಲ್ ಲೆಕ್ಕ ಇಲ್ಲಿಲ್ಲ. ಆರಂಭದಲ್ಲಿ ಆಡಿದವಳು ಹೊರಗೆ ಹೋಗಿ ಒಂದು ಸಲ ವಾಪಸ್ ಬರಬಹುದು. ಹಾಗಾಗಿ ಐದನೇ ಇನ್ನಿಂಗ್ಸಿಗೆ ಎಡಗೈ ಹುಡುಗಿಯನ್ನು ತಂದು, ಬೇರೆ ವೇಗ, ಬೇರೆ ಕೋನ ತೋರಿಸಿ, ಕೊನೆಯದಾದ ಏಳನೆಯದಕ್ಕೆ ಮತ್ತೆ ಮುಖ್ಯ ಪಿಚರ್. ಎಲ್ಲ ಸಲ ಗೆದ್ದೆವು ಅಂತಲ್ಲ. ಆದರೆ ಆ ರೂಮಿನಿಂದ ಹೊರಗೆ ಬಂದ ಮೇಲೆ ಯಾರು ಯಾವ ಪಕ್ಷ ಅಂತ ಹುಡುಗಿಯರಿಗೆ ಯಾವತ್ತೂ ಗೊತ್ತಾಗಲಿಲ್ಲ. ಪಿಚಿಂಗ್ ಕೋಚ್ ತಾವೇ ಹೋಗಿ ಅವಳಿಗೆ ಹೇಳಿದರು, ಅದು ತಮ್ಮದೇ ಯೋಚನೆ ಅನ್ನುವ ಹಾಗೆ. ಅಷ್ಟು ದೊಡ್ಡ ಮನಸ್ಸು ನನಗೆ ಬರುತ್ತಿರಲಿಲ್ಲ.

ದೊಡ್ಡ ತಂಡಗಳನ್ನು ನೋಡಿದರೂ ಇದೇ ಕಾಣುತ್ತದೆ. ಒಕ್ಲಹೋಮ 2021ರಿಂದ 2024ರವರೆಗೆ ಸತತ ನಾಲ್ಕು ಸಲ ಚಾಂಪಿಯನ್. ಎಲ್ಲರೂ ಹೆಡ್ ಕೋಚ್ ಪ್ಯಾಟಿ ಗ್ಯಾಸೊ ಹೆಸರು ಹೇಳುತ್ತಾರೆ, ಸರಿಯೇ. ಆದರೆ ಆ ನಾಲ್ಕೂ ವರ್ಷ ಅವರ ಪಕ್ಕದಲ್ಲಿ ಪಿಚಿಂಗ್‌ಗೆ ಜೆನಿಫರ್ ರೋಚಾ, ಬ್ಯಾಟಿಂಗ್‌ಗೆ ಮಗ ಜೆ.ಟಿ. ಗ್ಯಾಸೊ ಇದ್ದರು. ಆಟಗಾರ್ತಿಯರು ಬದಲಾದರು, ಹೇಳಿಕೊಡುವವರು ಬದಲಾಗಲಿಲ್ಲ. ಸಣ್ಣ ಕಾಲೇಜುಗಳಿಗೆ ಅದೇ ಕಷ್ಟ. ನಾನಿದ್ದಾಗಲೇ ನಮ್ಮ ಮೂರನೇ ಅಸಿಸ್ಟೆಂಟ್ ಜಾಸ್ತಿ ಸಂಬಳಕ್ಕೆ ಬೇರೆ ಕಡೆ ಹೋದರು. ಹೊಸಬರು ಬಂದು ಫೀಲ್ಡಿಂಗಿನ ಸನ್ನೆಗಳನ್ನೆಲ್ಲ ಬದಲಾಯಿಸಿದರು. ಒಂದು ತಿಂಗಳು ಮೈದಾನದಲ್ಲಿ ಬರೀ ಗೊಂದಲ.

ವರ್ಷದಲ್ಲಿ ಒಂದು ರಾತ್ರಿ ಮಾತ್ರ ನಾಲ್ವರೂ ಒಂದೇ ಹೊತ್ತಿಗೆ ಫೋನಿನಲ್ಲಿ ಮಾತಾಡುತ್ತಿದ್ದರು, ಆಗಸ್ಟ್ 31ರ ರಾತ್ರಿ. ಹೈಸ್ಕೂಲಿನ ಹನ್ನೊಂದನೇ ತರಗತಿ ಹುಡುಗಿಯರನ್ನು ಕೋಚ್‌ಗಳು ಸಂಪರ್ಕಿಸಲು ಸೆಪ್ಟೆಂಬರ್ 1ರಿಂದ ಅನುಮತಿ. ಅಂದರೆ ಗಡಿಯಾರ ಹನ್ನೆರಡು ಹೊಡೆದ ಕೂಡಲೇ. ಆಫೀಸಿನಲ್ಲಿ ಹೆಸರಿನ ಪಟ್ಟಿ ಹಂಚಿಕೊಂಡು, ಫೋನು ಚಾರ್ಜಿಗೆ ಹಾಕಿಕೊಂಡು ಕಾಯುತ್ತಿದ್ದರು. ದೇಶದ ತುಂಬ ಎಲ್ಲ ಕಾಲೇಜುಗಳೂ ಅದೇ ಕ್ಷಣಕ್ಕೆ ಕಾಯುತ್ತಿರುತ್ತವೆ. ನಿದ್ದೆಗಣ್ಣಿನ ಹದಿನಾರು ವರ್ಷದ ಹುಡುಗಿಗೆ ಅರ್ಧರಾತ್ರಿಯಲ್ಲಿ ಫೋನು ಬಡಿಯುತ್ತಲೇ ಇರುತ್ತದೆ. ನನಗಿದು ಸ್ವಲ್ಪ ಅತಿಯಾಯಿತು ಅನಿಸುತ್ತಿತ್ತು. ನನಗೆ ಫೋನು ಮಾಡುವ ಹಕ್ಕಿರಲಿಲ್ಲ. ಪಿಜ್ಜಾ ತರಿಸುವುದು, ಯಾರ ಜೊತೆ ಮಾತಾಯಿತು ಅಂತ ಬಿಳಿ ಬೋರ್ಡಿನಲ್ಲಿ ಗುರುತು ಹಾಕುವುದು ನನ್ನ ಪಾಲು.

ಅಲ್ಲಿ ಓದಲು ಹೋಗುವ ನಮ್ಮ ಕಡೆಯವರು ಈ ಕೆಲಸಕ್ಕೆ ಸೇರುವುದು ಹೇಗೆ ಅಂತ ಕೇಳುತ್ತಾರೆ. ಹೆಡ್ ಕೋಚ್‌ಗೆ ಬರೆಯಬೇಡಿ, ಆ ಇಮೇಲ್ ಮುಳುಗಿಹೋಗುತ್ತದೆ. ಆಪರೇಷನ್ಸ್ ಡೈರೆಕ್ಟರ್‌ಗೆ ಬರೆಯಿರಿ, ಜೂನ್ ಜುಲೈಯಲ್ಲೇ. ಆಟದ ಮೇಲೆ ನಿಮಗಿರುವ ಪ್ರೀತಿ ಬರೆದು ಪುಟ ತುಂಬಿಸಬೇಡಿ. ಏನು ಮಾಡಲು ಬರುತ್ತದೆ ಅಂತ ಬರೆಯಿರಿ: ಚೆಂಡು ಎಸೆಯುತ್ತೀರಾ, ಎಕ್ಸೆಲ್ ಬರುತ್ತಾ, ವಿಡಿಯೊ ಕತ್ತರಿಸುತ್ತೀರಾ. ಕ್ರಿಕೆಟ್ ಆಡಿದವರಾದರೆ ಕ್ಯಾಚ್ ಅಭ್ಯಾಸಕ್ಕೆ ಎತ್ತರಕ್ಕೆ ಚೆಂಡು ಹೊಡೆದುಕೊಡಬಲ್ಲೆ ಅಂತ ಧೈರ್ಯವಾಗಿ ಹೇಳಿ, ಅದಕ್ಕೆ ಜನ ಬೇಕೇ ಬೇಕು. ಮ್ಯಾನೇಜರ್ ಆಗಲು ಪೂರ್ಣಾವಧಿ ವಿದ್ಯಾರ್ಥಿ ಆಗಿರಬೇಕು. ಎಫ್-1 ವೀಸಾದಲ್ಲಿ ತರಗತಿಗಳು ನಡೆಯುವಾಗ ಕ್ಯಾಂಪಸ್ ಕೆಲಸ ಎಲ್ಲ ಸೇರಿ ವಾರಕ್ಕೆ 20 ಗಂಟೆಯೇ, ಹಾಗಾಗಿ ಇದರ ಜೊತೆ ಕ್ಯಾಂಟೀನ್ ಕೆಲಸ ಹಿಡಿಯುವ ಮುಂಚೆ ಲೆಕ್ಕ ಹಾಕಿ. ಕಂಪ್ಲಯನ್ಸ್ ಆಫೀಸ್ ಒಪ್ಪಿಗೆ ಕೊಡುವವರೆಗೆ ಮೈದಾನಕ್ಕೆ ಇಳಿಯಬೇಡಿ. ಇನ್ನೊಂದು, ಮಾರ್ಚ್ ತಿಂಗಳಲ್ಲಿ ಲ್ಯಾಬಿನ ಗೆಳೆಯರು ತಲಾ ಐದು ಡಾಲರ್ ಹಾಕಿ ಬಾಸ್ಕೆಟ್‌ಬಾಲ್ ಟೂರ್ನಿಯ ವಿಜೇತರನ್ನು ಊಹಿಸುವ ಆಟ ಆಡುತ್ತಾರೆ. ಎನ್‌ಸಿಎಎಯ ಬಾಜಿ ನಿಯಮ ಕ್ರೀಡಾ ಸಿಬ್ಬಂದಿಗೂ ಅನ್ವಯಿಸುತ್ತದೆ. ಐದು ಡಾಲರೇ ಆದರೂ ನೀವು ಹಾಕುವ ಹಾಗಿಲ್ಲ.