ಹುಣ್ಣಿಮೆ ನೋಡಿ ಟೇಬಲ್ ಬುಕ್ ಮಾಡಿದೆ: ಸೈಗಾನಿನಲ್ಲಿ ವೆಜ್ ಗ್ರೂಪಿನ ಊಟ

ಸೈಗಾನಿನ (ಅಂದರೆ ಹೋ ಚಿ ಮಿನ್ ಸಿಟಿಯ) ಹೊಸ ಶೈಲಿಯ ವಿಯೆಟ್ನಾಮಿ ರೆಸ್ಟೋರೆಂಟಿನಲ್ಲಿ ಶುದ್ಧ ಸಸ್ಯಾಹಾರಿ ಗ್ರೂಪಿಗೆ ನೆಮ್ಮದಿಯಾಗಿ ಊಟ ಮಾಡಿಸೋಕೆ ಆಗಲ್ಲ ಅಂತ ನಮ್ಮ ಟೂರ್ ಲೈನಿನವರೆಲ್ಲ ಹೇಳಿದ್ದರು. ಆಗುತ್ತೆ. ಎರಡು-ಮೂರು ಸೀಸನ್‌ನಿಂದ ಮಾಡಿಸುತ್ತಿದ್ದೇನೆ, ಒಬ್ಬರೂ ಹಸಿದುಕೊಂಡು ಎದ್ದಿಲ್ಲ. ಹೇಗೆ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ವೀಸಾ, ಅಲ್ಲಿನ ಏಜೆಂಟು (ಲ್ಯಾಂಡ್ ಆಪರೇಟರ್), ಕೂಚಿ ಸುರಂಗದ ಸುತ್ತಾಟ ಎಲ್ಲ ನಿಮಗೆ ಗೊತ್ತಿರೋದೇ, ಬಿಡಿ.

ನಾವೆಲ್ಲ ಮಾಡುತ್ತಿದ್ದದ್ದು ಒಂದೇ. ಐದು ರಾತ್ರಿಗೆ ಐದು ಇಂಡಿಯನ್ ಡಿನ್ನರ್. ಹನೋಯ್‌ನಲ್ಲೂ ಪನೀರ್, ಡನಾಂಗ್‌ನಲ್ಲೂ ಪನೀರ್. ವಯಸ್ಸಾದವರು ಸುಮ್ನೆ ತಿಂದು ಎದ್ದೇಳುತ್ತಾರೆ. ಮಗ-ಸೊಸೆ ಮಾತ್ರ ಫೋನಿನಲ್ಲಿ ಮಿಶೆಲಿನ್ ಪಟ್ಟಿ, ಅಂದರೆ ಒಳ್ಳೇ ರೆಸ್ಟೋರೆಂಟುಗಳಿಗೆ ಸ್ಟಾರ್ ಕೊಡುವ ಗೈಡ್, ತೆಗೆದು ತೋರಿಸುತ್ತಾರೆ. 2023ರ ಜೂನ್‌ನಲ್ಲಿ ಮಿಶೆಲಿನ್ ಗೈಡ್ ಮೊದಲ ಸಲ ವಿಯೆಟ್ನಾಂಗೆ ಬಂತು. ನಾಲ್ಕು ರೆಸ್ಟೋರೆಂಟಿಗೆ ಒಂದೊಂದು ಸ್ಟಾರ್ ಸಿಕ್ಕಿತು, ಅದರಲ್ಲಿ ಆನ್‌ಆನ್ ಸೈಗಾನ್ ಇರುವುದು ಹಿಂದೆ ಒಂದನೇ ಡಿಸ್ಟ್ರಿಕ್ಟ್ ಅನ್ನುತ್ತಿದ್ದ ಕಡೆಯ ಹಳೇ ಮಾರುಕಟ್ಟೆ ಬೀದಿಯಲ್ಲಿ. ಆಮೇಲೆ ಗ್ರೂಪಿನ ಚಿಕ್ಕವರ ಬಾಯಲ್ಲೆಲ್ಲ ಅದೇ ಮಾತು. "ಇಷ್ಟು ದೂರ ಬಂದು ಜೀರಾ ರೈಸಾ ಸಾರ್?"

ಹಾಗಾದರೆ ಅಲ್ಲಿನ ಚಾಯ್ ಹೋಟೆಲ್‌ಗೇ ಹೋಗಬಹುದಲ್ವಾ ಅಂತ ನೀವು ಕೇಳುತ್ತೀರಿ. ಚಾಯ್ ಅಂದರೆ ಬೌದ್ಧರ ಸಸ್ಯಾಹಾರ, ಅದು ಎಲ್ಲ ಊರಲ್ಲೂ ಸಿಗುತ್ತದೆ. ಕರೆದುಕೊಂಡು ಹೋದೆ. ಮೊದಲ ತಟ್ಟೆಯಲ್ಲೇ ತಲೆ, ಬಾಲ, ಈಜುರೆಕ್ಕೆ ಸಮೇತ ಇಡೀ ಮೀನು ಬಂತು. ಸೋಯಾದಲ್ಲಿ ಮಾಡಿದ್ದು, ಚರ್ಮದ ಜಾಗದಲ್ಲಿ ಕಡಲ ಪಾಚಿಯ ಹಾಳೆ. ಒಬ್ಬರು ಅಮ್ಮ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಎದ್ದೇ ಬಿಟ್ಟರು. "ಸೋಯಾ ಅಮ್ಮಾ, ಬರೀ ಸೋಯಾ" ಅಂದರೆ "ಇರಲಿ ಕಣಪ್ಪಾ, ಕಣ್ಣಿಗೆ ಕಾಣೋದೇನು?" ಅಂದರು. ಇತ್ತ ಮೀನು ತಿನ್ನುವ ಹುಡುಗರಿಗೂ ಸಮಾಧಾನವಿಲ್ಲ. ನಿಜವಾದ ಮೀನೂ ಇಲ್ಲ, ಬಿಯರೂ ಇಲ್ಲ. ಎರಡೂ ಪಾರ್ಟಿಯನ್ನು ಒಂದೇ ಮೇಜಿಗೆ ಕೂರಿಸಬೇಕಾದರೆ ಮಾಮೂಲಿ ರೆಸ್ಟೋರೆಂಟೇ ಗತಿ.

ಹೊಸ ಶೈಲಿಯ ಮೊದಲ ರೆಸ್ಟೋರೆಂಟು ಕೈಕೊಟ್ಟಿತು. ಹೆಸರು ಬೇಡ. ಮಾಂಸ ಬೇಡ, ಮೀನು ಬೇಡ ಅಂತ ಮೊದಲೇ ಬರೆದಿದ್ದೆ. ಓಕೆ ಅಂದಿದ್ದರು. ತಾವರೆ ದಂಟಿನ ಸಲಾಡ್ ಬಂತು, ಮೇಲಿನ ಸೀಗಡಿ ಎತ್ತಿದ್ದರು ಅಷ್ಟೇ. ಕೆಳಗೆ ನಿಂತಿದ್ದ ರಸ ಪೂರ್ತಿ ಫಿಶ್ ಸಾಸ್. ಕೇಳಿದರೆ ಮ್ಯಾನೇಜರಿಗೆ ನಿಜವಾಗಿಯೂ ಆಶ್ಚರ್ಯ. ಅವರಿಗೆ ಅದು ಉಪ್ಪಿನ ಲೆಕ್ಕ, ಮೀನಿನ ಲೆಕ್ಕವಲ್ಲ. ಬಿಲ್ ಮಾತ್ರ ಪೂರ್ತಿ ಕಟ್ಟಿಸಿಕೊಂಡರು. ಆ ರಾತ್ರಿ ಇನ್ನೊಂದು ಇಂಡಿಯನ್ ಊಟಕ್ಕೂ ಸೇರಿಸಿ ನನ್ನ ಜೇಬಿನಿಂದ ಹತ್ತಿರ ಹತ್ತಿರ ಐವತ್ತು ಸಾವಿರ ರೂಪಾಯಿ ಹೋಯಿತು.

ದಾರಿ ತೋರಿಸಿದ್ದು ನಮ್ಮ ಬಸ್ ಡ್ರೈವರ್. ದಿನಾ ಬೆಳಗ್ಗೆ ಬೀಫ್ ಫೋ (ಅಲ್ಲಿನ ನೂಡಲ್ಸ್ ಸೂಪು) ಕುಡಿಯುವ ಮನುಷ್ಯ, ಒಂದು ದಿನ ತೋಫು ಅನ್ನ ತಿನ್ನುತ್ತಿದ್ದ. ಇವತ್ತು ಹದಿನೈದು ಅಂದ. ಕ್ಯಾಲೆಂಡರ್ ನೋಡಿದರೆ ತಾರೀಖು ಹದಿನೈದಲ್ಲ. ನಮ್ಮ ಒಂಟಿಕೊಪ್ಪಲ್ ಪಂಚಾಂಗ ತೆಗೆದು ನೋಡಿದೆ, ಚತುರ್ದಶಿ ಮುಗಿದು ಹುಣ್ಣಿಮೆ ಹತ್ತುವ ದಿನ.

ಅಲ್ಲಿ ತುಂಬಾ ಜನ ಚಾಂದ್ರಮಾಸದ ಒಂದನೇ ದಿನ, ಹದಿನೈದನೇ ದಿನ ಚಾಯ್ ತಿನ್ನುತ್ತಾರೆ. ಹಾಗಾಗಿ ಆ ದಿನಗಳಲ್ಲಿ ಮಾಂಸದ ಅಡುಗೆಮನೆಗಳಲ್ಲೂ ಮೀನಿಲ್ಲದ ಚಾಯ್ ಸಾಸ್, ಅಣಬೆಯ ಮಸಾಲೆ ಪುಡಿ ತಂದಿಟ್ಟಿರುತ್ತಾರೆ. ಅಡುಗೆಯವರ ಕೈಯೂ ಅದಕ್ಕೆ ಒಗ್ಗಿರುತ್ತದೆ. ಬೇರೆ ದಿನ ನಾವು ಕೇಳಿದರೆ ಅದು ಗಿರಾಕಿಯ ತಕರಾರು. ಆ ದಿನ ಕೇಳಿದರೆ ಅವರ ಮನೆ ಪದ್ಧತಿ. ಗ್ರೂಪ್ ಹೊರಡುವ ತಾರೀಖನ್ನೇ ಹಾಗೆ ಕೂರಿಸುತ್ತೇನೆ ಅಂದಾಗ ನಮ್ಮ ಅಸೋಸಿಯೇಷನ್ನಿನವರು ನಕ್ಕರು. "ಟೂರ್ ಮಾಡ್ತೀಯೋ ಸತ್ಯನಾರಾಯಣ ಪೂಜೆ ಮಾಡಿಸ್ತೀಯೋ?" ಅಂದರು.

ಪಂಚಾಂಗವನ್ನೇ ಪೂರ್ತಿ ನಂಬಬೇಡಿ. ಅವರ ತಿಂಗಳು ಅಮಾವಾಸ್ಯೆ ಕೂಡುವ ದಿನವೇ ಶುರು, ನಮ್ಮದು ಮಾರನೇ ದಿನ ಪಾಡ್ಯಕ್ಕೆ. ಅದಕ್ಕೇ ಅವರ ಹದಿನೈದು ಎಷ್ಟೋ ಸಲ ನಮ್ಮ ಹುಣ್ಣಿಮೆಗಿಂತ ಒಂದು ದಿನ ಮುಂಚೆ. 2023ರಲ್ಲಿ ಅವರ ಏಳನೇ ತಿಂಗಳ ಹದಿನೈದಕ್ಕೆ ಬರುವ ವೂ ಲಾನ್ ಹಬ್ಬವೂ ನಮ್ಮ ಶ್ರಾವಣ ಹುಣ್ಣಿಮೆಯೂ ಆಗಸ್ಟ್ 30ಕ್ಕೇ ಬಂದವು. 2024ರಲ್ಲಿ ಅವರದು 18, ನಮ್ಮದು 19. 2025ರಲ್ಲಿ ಅವರಿಗೆ ಅಧಿಕ ಮಾಸ ಬಿತ್ತು, ನಮಗೆ ಇರಲಿಲ್ಲ. ವೂ ಲಾನ್ ಸೆಪ್ಟೆಂಬರ್ 6ಕ್ಕೆ ಹೋಯಿತು, ಅಂದರೆ ನಮ್ಮ ಭಾದ್ರಪದಕ್ಕೆ. ಹಾಗಾಗಿ ತಿಂಗಳ ಹೆಸರು ನೋಡಬೇಡಿ. ಅಲ್ಲಿನ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರಿನಲ್ಲಿ ಕೆಳಗೆ ಚಾಂದ್ರ ತಾರೀಖು ಇರುತ್ತದೆ. ಅದರ ಫೋಟೋ ತರಿಸಿಕೊಳ್ಳಿ.

ದಿನ ಸಿಕ್ಕಿದರೆ ಅರ್ಧ ಕೆಲಸ. ಉಳಿದರ್ಧ ಬಾಟಲಿಗಳದ್ದು. ಅಲ್ಲಿನವರು ವಾಟ್ಸಾಪ್ ಬಳಸೋದು ಕಮ್ಮಿ, ಎಲ್ಲ ಝಾಲೋ ಅನ್ನುವ ಆ್ಯಪ್‌ನಲ್ಲೇ. ನಮಗೆ ಹಾಕುವ ಪ್ರತಿಯೊಂದು ಸಾಸು, ಪುಡಿಯ ಲೇಬಲ್ ಫೋಟೋ ಹಿಂದಿನ ದಿನವೇ ಝಾಲೋದಲ್ಲಿ ತರಿಸಿಕೊಳ್ಳುತ್ತೇನೆ. ಮಧ್ಯಾಹ್ನ ಖುದ್ದಾಗಿ ಅಡುಗೆಮನೆಗೂ ಹೋಗುತ್ತೇನೆ. ಒಂದು ಸಲ ಎಲ್ಲ ಸರಿಯಿತ್ತು. ಚಾಯ್ ಸಾಸಿನ ಬಾಟಲಿ, ಸೋಯಾ, ಎಳ್ಳೆಣ್ಣೆ ಸಾಲಾಗಿ ಜೋಡಿಸಿದ್ದರು. ಒಲೆ ಪಕ್ಕದಲ್ಲಿ ಮುಚ್ಚಳವಿಲ್ಲದ ಸ್ಟೀಲ್ ಡಬ್ಬಿ, ಒಳಗೆ ಹಳದಿ ಬಣ್ಣದ ಸಣ್ಣ ಹರಳು. ಇದೇನು ಅಂದೆ. ಹುಡುಗ ಕೆಳಗಿನಿಂದ ಖಾಲಿ ಪೊಟ್ಟಣ ಎತ್ತಿ ತೋರಿಸಿದ. ಮೇಲೆ ಹಂದಿ ಮೂಳೆಯ ಚಿತ್ರ. ಸೊಪ್ಪಿನ ಪಲ್ಯಕ್ಕೂ ಒಂದು ಚಮಚ ಉದುರಿಸುವುದು ಅವರಿಗೆ ಕೈರೂಢಿ. ನಮ್ಮ ಅರ್ಧ ಗಲಾಟೆಗಳ ಮೂಲ ಈ ಡಬ್ಬಿ. ಈಗ ಅಣಬೆಯ ಪುಡಿಯ ಪೊಟ್ಟಣವನ್ನು ನಾನೇ ಕೊಂಡು ಕೊಡುತ್ತೇನೆ. ಆಯ್ಸ್ಟರ್ ಸಾಸ್, ಹಂದಿ ಕೊಬ್ಬಿನಲ್ಲಿ ಕರಿದ ಈರುಳ್ಳಿ, ಊಟಕ್ಕೆ ಮುಂಚೆ ತಂದಿಡುವ ಸೀಗಡಿ ಹಪ್ಪಳ, ಇವನ್ನೂ ಹೆಸರು ಹಿಡಿದು ಬೇಡ ಅನ್ನಬೇಕು. ವೆಜ್ ಅಂತ ಒಂದೇ ಪದ ಹೇಳಿದರೆ ಕೆಲಸ ಕೆಡುತ್ತದೆ.

ಈರುಳ್ಳಿ-ಬೆಳ್ಳುಳ್ಳಿ ತಿನ್ನದವರದ್ದು ಇಂಡಿಯನ್ ಹೋಟೆಲಿಗಿಂತ ಇಲ್ಲೇ ಸಲೀಸು. ಕಟ್ಟುನಿಟ್ಟಿನ ಚಾಯ್‌ನಲ್ಲಿ ಎರಡೂ ನಿಷಿದ್ಧ. ಜೈನರಿಗೆ ಇನ್ನೊಂದು ಸುತ್ತು ಮಾತಾಡಬೇಕು, ಅಣಬೆ, ಮೂಲಂಗಿ, ಶುಂಠಿ ಬರಬಾರದು. ಅವರಿಗೆ ಫೋ ಸಾರನ್ನು ಮುಸುಕಿನ ಜೋಳ, ಕಬ್ಬು, ಸೇಬು ಬೇಯಿಸಿ ಮಾಡಿಸಿದೆ. ಚಕ್ರಮೊಗ್ಗು, ಚಕ್ಕೆ, ಕಪ್ಪು ಏಲಕ್ಕಿ ಬಿದ್ದ ಮೇಲೆ ಸಾರು ಸೊಗಸಾಗಿಯೇ ಬಂತು. ಶೆಫ್ ಎರಡು ಸಲ ರುಚಿ ನೋಡಿದ, ಪುಸ್ತಕದಲ್ಲಿ ಬರೆದುಕೊಂಡ. ಅದು ನನ್ನ ಐಡಿಯಾ ಅಂತ ಹೇಳಿಕೊಳ್ಳೋಕೆ ನನಗೇನೂ ಸಂಕೋಚವಿಲ್ಲ.

ದುಡ್ಡಿಗೆ ಬರೋಣ. ರೂಪಾಯಿಗೆ ಸುಮಾರು 300 ಡಾಂಗ್ ಅಂತ ಇಟ್ಟುಕೊಳ್ಳಿ. ಗ್ರೂಪಿಗೆ ಇಂಡಿಯನ್ ಡಿನ್ನರ್ ತಲೆಗೆ ಎರಡೂವರೆ ಲಕ್ಷ ಡಾಂಗ್ ಒಳಗೆ ಮುಗಿಯುತ್ತದೆ. ಈ ಹೊಸ ಶೈಲಿಯ ರೆಸ್ಟೋರೆಂಟಿನವರು ಒಂಬತ್ತು ಲಕ್ಷ ಕೇಳಿದರು. ಎಳೆದಾಡಿ ಆರೂವರೆಗೆ ತಂದೆ. ಮೆನುವಿನಲ್ಲಿ ಬೆಲೆ ಮುಂದೆ ಎರಡು ಪ್ಲಸ್ ಗುರುತು ಇದ್ದರೆ ಹುಷಾರು. ಸರ್ವಿಸ್ 5 ಪರ್ಸೆಂಟ್, ಅದರ ಮೇಲೆ ವ್ಯಾಟ್ 8 ಅಥವಾ 10. ಕೊನೆಗೆ ತಲೆಗೆ 2,500 ರೂಪಾಯಿ ಹತ್ತಿರ ಬಂತು. ಮಾಮೂಲಿ ಹೋಟೆಲುಗಳಲ್ಲಿ ಮೇಜಿನ ಮೇಲಿನ ಒದ್ದೆ ಟಿಶ್ಯೂ ಪ್ಯಾಕೆಟ್ ಹರಿದರೂ ಬಿಲ್ಲಿಗೆ ಸೇರುತ್ತದೆ. ಇಪ್ಪತ್ತು ಜನ ಪಟಪಟ ಹರಿದಾಗಲೇ ಗೊತ್ತಾಗೋದು. ಎಕ್ಸ್‌ಟ್ರಾ ಖರ್ಚು ಹೊಂದಿಸಿದ್ದು ಹೀಗೆ: ಸೈಗಾನ್ ನದಿಯ ಡಿನ್ನರ್ ಕ್ರೂಸ್ ಕೈಬಿಟ್ಟೆ. ಯಾರೂ ಕೇಳಲಿಲ್ಲ. ಇನ್ನೊಂದು, ಟೇಬಲ್ಲನ್ನು ಸಂಜೆ ಐದಕ್ಕೇ ತೆಗೆದುಕೊಳ್ಳುತ್ತೇನೆ. ಆ ಹೊತ್ತಿನಲ್ಲಿ ಖಾಲಿ ಇರುತ್ತದೆ, ರೇಟ್ ಇಳಿಸುತ್ತಾರೆ. ಸೂರ್ಯ ಮುಳುಗೋದರೊಳಗೆ ಜೈನರ ಊಟವೂ ಮುಗಿಯುತ್ತದೆ.

ಊಟ ಹೇಗಿತ್ತು? ಬಾಳೆ ಹೂವಿನ ಸಲಾಡ್ ಗೆದ್ದಿತು. ಸುಟ್ಟ ಬದನೆಕಾಯಿಯೂ ಗೆದ್ದಿತು. ಬಾನ್ ಸೆಯೋ ನೋಡಿದ ಕೂಡಲೇ ಎಲ್ಲರೂ ಕೈ ಹಾಕಿದರು. ಅಕ್ಕಿ ಹಿಟ್ಟು, ಅರಿಶಿನ, ತೆಂಗಿನ ಹಾಲು, ನಮ್ಮ ನೀರ್ದೋಸೆಗೆ ಗರಿಗರಿ ಬಂದ ಹಾಗೆ. ಸೊಪ್ಪಿನಲ್ಲಿ ಸುತ್ತಿ ತಿನ್ನೋದನ್ನು ಮಾತ್ರ ಕಲಿಸಬೇಕಾಯಿತು. ಸೋತದ್ದು ನೊರೆ. ದೊಡ್ಡ ತಟ್ಟೆಯ ನಡುವೆ ಒಂದು ಚಮಚ ಲೆಮನ್‌ಗ್ರಾಸ್ ನೊರೆ ಬಂದಾಗ ಒಬ್ಬರು ಅಂಕಲ್ "ತಟ್ಟೆ ತೊಳೆದಿಲ್ಲ ಕಣ್ರೀ" ಅಂತ ವಾಪಸ್ ಕಳಿಸಿದರು. ಅಂದಿನಿಂದ ನೊರೆ ಕ್ಯಾನ್ಸಲ್. ಕೊನೆಗೆ ಅನ್ನ ಬರಲೇಬೇಕು. ಮಣ್ಣಿನ ಗಡಿಗೆಯ ಮೆಣಸಿನ ಅಣಬೆ ಜೊತೆ ಅನ್ನ ಬಂದರೆ ಹಿರಿಯರ ಪಾಲಿಗೆ ಅದೇ ಊಟ. ಆ ಅನ್ನದ ಜೊತೆ ಇನ್ನೊಂದು ಕೊಡಿಸುತ್ತೇನೆ. ಅದನ್ನು ಇಲ್ಲಿ ಬರೆಯೋಲ್ಲ, ರೆಸ್ಟೋರೆಂಟಿನ ಹೆಸರನ್ನೂ ಬರೆಯೋಲ್ಲ. ನನ್ನ ಹೊಟ್ಟೆಪಾಡು.

ಮೊಸರನ್ನವನ್ನೂ ನೋಡಿ ಆಯಿತು. ಅಲ್ಲಿನ ಅಂಗಡಿ ಮೊಸರು ಸಿಹಿ, ಒಗ್ಗರಣೆ ಹಾಕಿದರೆ ಪಾಯಸಕ್ಕೆ ಸಾಸಿವೆ ಬಿದ್ದಂತಾಯಿತು. ಸಕ್ಕರೆ ಇಲ್ಲದ್ದೂ ಸಿಗುತ್ತದೆ, ಕೇಳಿ ತನ್ನಿ. ಕೆಲವದರಲ್ಲಿ ಜೆಲಟಿನ್ ಇರುತ್ತದೆ, ಲೇಬಲ್ ಓದಿ. ಚಿಕ್ಕಮಗಳೂರಿನ ಕಾಫಿ ಪುಡಿಯನ್ನು ಅವರ ಫಿನ್ ಫಿಲ್ಟರಿಗೆ ಹಾಕಿ ನೋಡಿದೆ. ಚಿಕೋರಿ ಬೆರೆತ ನಯವಾದ ಪುಡಿ ತೂತು ಕಟ್ಟಿಕೊಂಡು ಅರ್ಧ ಗಂಟೆಯಾದರೂ ತೊಟ್ಟಿಕ್ಕಲಿಲ್ಲ. ದಪ್ಪಗೆ ಬೀಸಿದ, ಚಿಕೋರಿ ಇಲ್ಲದ ಪುಡಿಯಲ್ಲಿ ಚೆನ್ನಾಗಿ ಇಳಿಯಿತು. ಚಟ್ನಿಪುಡಿಯನ್ನು ರೈಸ್ ಪೇಪರಿನಲ್ಲಿ ಸುತ್ತಿದ್ದು ಶೆಫ್‌ಗೂ ಹಿಡಿಸಿತು, ಒಂದು ಪ್ಯಾಕೆಟ್ ಇಟ್ಟುಕೊಂಡ.

2026ರಲ್ಲಿ ಹೊರಡುವವರಿಗೆ ಒಂದು ಮಾತು. ನಮ್ಮ ಅಧಿಕ ಜ್ಯೇಷ್ಠ ಮುಗಿಯೋ ಹೊತ್ತಿಗೆ ಎರಡು ಲೆಕ್ಕದ ತಿಂಗಳುಗಳೂ ಮತ್ತೆ ಕೂಡುತ್ತವೆ. ವೂ ಲಾನ್ ಆಗಸ್ಟ್ 27ಕ್ಕೆ, ನಮ್ಮ ಹುಣ್ಣಿಮೆ 28ಕ್ಕೆ. ವೂ ಲಾನ್ ಸಂಜೆ ಮಾತ್ರ ಬುಕ್ ಮಾಡಬೇಡಿ. ಅರ್ಧ ಸೈಗಾನ್ ಚಾಯ್ ತಿನ್ನೋಕೆ ಹೊರಗೆ ಬಂದಿರುತ್ತದೆ, ರೇಟ್ ಇಳಿಸೋ ಮಾತೇ ಇಲ್ಲ. ಬೇರೆ ಯಾವ ತಿಂಗಳ ಹದಿನೈದಾದರೂ ನಡೆಯುತ್ತದೆ. ಅಡ್ವಾನ್ಸ್ ಮೂವತ್ತು ಪರ್ಸೆಂಟ್‌ಗಿಂತ ಜಾಸ್ತಿ ಕೊಡಬೇಡಿ.