ಸೋಲಾರ್ ನೀರು ಬಿಸಿಯಾಗದಿದ್ದರೆ ಎಲ್ಲಿ ಹುಡುಕಬೇಕು?

100 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 4.65 ಯೂನಿಟ್ ಶಾಖ ಬೇಕು. 2 ಕಿಲೋವ್ಯಾಟ್ ಗೀಸರ್ ಆದರೆ ಎರಡು ಗಂಟೆ ಇಪ್ಪತ್ತು ನಿಮಿಷ ಓಡಬೇಕು. ಬೆಂಗಳೂರಿನಲ್ಲಿ ಒಳ್ಳೆಯ ಬಿಸಿಲಿನ ದಿನ ಒಂದು ಚದರ ಮೀಟರಿಗೆ 5 ಯೂನಿಟ್ಟಿನಷ್ಟು ಶಕ್ತಿ ಬೀಳುತ್ತದೆ. 2 ಚದರ ಮೀಟರ್ ಪ್ಯಾನೆಲ್ ಅದರಲ್ಲಿ ಅರ್ಧ ಹಿಡಿದರೂ ಸಾಕು. ಅಂಥ ದಿನವೂ ನೀರು ಉಗುರುಬೆಚ್ಚಗೆ ಬರುತ್ತಿದ್ದರೆ ಶಾಖ ಎಲ್ಲೋ ತಡೆದು ನಿಂತಿದೆ, ಇಲ್ಲವೇ ಸೋರುತ್ತಿದೆ.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ತಾರಸಿಗೆ ಹೋಗಿ. ಗಾಜಿನ ಮೂಲಕ ವಿಕಿರಣವಾಗಿ ಬಂದ ಶಾಖವನ್ನು ಕಪ್ಪು ತಾಮ್ರದ ತಗಡು ಹೀರಿ, ವಹನದಿಂದ ಕೊಳವೆಯ ನೀರಿಗೆ ದಾಟಿಸುತ್ತದೆ. ಬಿಸಿಯಾದ ನೀರು ಹಗುರಾಗಿ ತಾನೇ ಟ್ಯಾಂಕಿಗೆ ಏರುತ್ತದೆ, ಪಂಪ್ ಇಲ್ಲ. ಪ್ಯಾನೆಲ್ಲಿನ ಮೇಲಿನ ಪೈಪನ್ನು ಬಟ್ಟೆ ಸುತ್ತಿದ ಕೈಯಿಂದ ಮುಟ್ಟಿ. ಅದು ಸುಡುತ್ತಿದ್ದು ಟ್ಯಾಂಕಿನ ನೀರು ತಣ್ಣಗಿದ್ದರೆ ಹರಿವು ಕಟ್ಟಿದೆ. ಆ ಪೈಪ್ ಟ್ಯಾಂಕಿನವರೆಗೂ ಏರುತ್ತಲೇ ಹೋಗಬೇಕು. ನಡುವೆ ಜೋತುಬಿದ್ದರೆ ಗಾಳಿ ತುಂಬಿ ನೀರು ನಿಲ್ಲುತ್ತದೆ. ಇಳಿಜಾರು ಸರಿಯಿದ್ದರೆ ಸುಣ್ಣವನ್ನೇ ಶಂಕಿಸಿ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಇದು ತೀರಾ ಸಾಮಾನ್ಯ: ಗಡಸು ನೀರು ಕಾದಂತೆ ಸುಣ್ಣ ಕೊಳವೆಯ ಒಳಗೋಡೆಗೆ ಕಟ್ಟಿ, ಶಾಖವನ್ನೂ ಹರಿವನ್ನೂ ತಡೆಯುತ್ತದೆ. ಆಸಿಡ್ ಹಾಕಿ ತೊಳೆಯುವ ಕೆಲಸವನ್ನು ಗೊತ್ತಿದ್ದವರಿಗೇ ಬಿಡಿ. ಹೊಸದಾಗಿ ಕೊಳ್ಳುವವರು ಬೋರ್ ನೀರಿಗೆ ಹೀಟ್ ಎಕ್ಸ್‌ಚೇಂಜರ್ (ಬೋರ್ ನೀರು ಪ್ಯಾನೆಲ್ ಕೊಳವೆಗೆ ಹೋಗದೆ ಶಾಖವಷ್ಟೇ ದಾಟುವ ವ್ಯವಸ್ಥೆ) ಇರುವುದನ್ನೇ ಕೇಳಿ.

ಸಂಜೆ ಬಿಸಿ, ಬೆಳಿಗ್ಗೆ ತಣ್ಣಗೆ? ಅದು ಬೇರೆಯೇ ರೋಗ. ಹಲವರು ಟ್ಯಾಂಕನ್ನು ಬೈಯುತ್ತಾರೆ. ಆದರೆ ಎಷ್ಟೋ ಸಲ ತಪ್ಪು ಬಚ್ಚಲಿನ ಮಿಕ್ಸರಿನದು. ಬಿಸಿ, ತಣ್ಣೀರು ಎರಡೂ ತಿರುವು ತೆರೆದಿಟ್ಟು ಅದರ ಮುಂದಿರುವ ಶವರನ್ನು ಮಾತ್ರ ನಿಲ್ಲಿಸಿದರೆ, ಒತ್ತಡ ಹೆಚ್ಚಿರುವ ತಣ್ಣೀರು ಬಿಸಿ ಲೈನಿಗೆ ನುಗ್ಗುತ್ತದೆ. ತಣ್ಣೀರಿನ ಲೈನಿಗೆ ಮಾತ್ರ ಪ್ರೆಷರ್ ಪಂಪ್ ಇರುವ ಮನೆಯಲ್ಲಂತೂ ಇದು ಖಚಿತ. ಪರೀಕ್ಷೆ ಸುಲಭ: ಸೋಲಾರ್ ಟ್ಯಾಂಕಿನಿಂದ ಹೊರಡುವ ವಾಲ್ವ್ ಮುಚ್ಚಿ, ಕೆಳಗೆ ಬಿಸಿನೀರಿನ ನಲ್ಲಿ ತೆರೆಯಿರಿ. ಪೈಪ್ ಖಾಲಿಯಾದ ಮೇಲೂ ನೀರು ಬರುತ್ತಲೇ ಇದ್ದರೆ ಎಲ್ಲೋ ತಣ್ಣೀರು ದಾಟುತ್ತಿದೆ. ಒಂದೊಂದೇ ಮಿಕ್ಸರ್ ಮುಚ್ಚುತ್ತಾ ಹುಡುಕಿ, ಅಲ್ಲಿ ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್-ರಿಟರ್ನ್ ವಾಲ್ವ್ ಹಾಕಿಸಿ.

ನಿಮ್ಮದು ಫ್ಲಾಟ್ ಪ್ಲೇಟ್ (ಗಾಜಿನ ಟ್ಯೂಬುಗಳಲ್ಲ, ಮೇಲೆ ಹೇಳಿದ ತಗಡಿನ ಚಪ್ಪಟೆ ಪ್ಯಾನೆಲ್) ಆಗಿದ್ದರೆ ಟ್ಯಾಂಕಿನ ತಳ ಪ್ಯಾನೆಲ್ಲಿನ ತುದಿಗಿಂತ ಸುಮಾರು ಒಂದು ಅಡಿ ಮೇಲಿದೆಯೇ ನೋಡಿ. ತಗ್ಗಿನಲ್ಲಿದ್ದರೆ ರಾತ್ರಿ ನೀರು ಹಿಮ್ಮುಖ ಹರಿದು, ಹಗಲಿಡೀ ಕೂಡಿಟ್ಟ ಶಾಖ ಆಕಾಶಕ್ಕೆ ಹೋಗುತ್ತದೆ.

ಪೈಪಿನ ಉದ್ದವನ್ನೂ ಅಳೆಯಿರಿ. ಒಳವ್ಯಾಸ 15 ಮಿಲಿಮೀಟರ್ ಇರುವ 20 ಮೀಟರ್ ಪೈಪಿನಲ್ಲಿ ಮೂರೂವರೆ ಲೀಟರ್ ನೀರು ನಿಂತಿರುತ್ತದೆ. ಪ್ರತಿ ಸಲ ಅದು ಮೊದಲು ತಣ್ಣಗೇ ಬರುತ್ತದೆ. ಬಕೆಟ್ಟಿಗೆ ಹಿಡಿದಿಡಿ, ಚೆಲ್ಲಬೇಡಿ. ಬಿಸಿ ಲೈನಿಗೆ ಶಾಖ ತಾಳುವ ಸಿಪಿವಿಸಿ ಪೈಪ್, ಮೇಲೆ ಫೋಮ್ ಹೊದಿಕೆ ಇರಲಿ. ಸಾದಾ ಪಿವಿಸಿ ಮೆತ್ತಗಾಗುತ್ತದೆ.

ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರಲಿ. ಬೆಂಗಳೂರಿನ ಅಕ್ಷಾಂಶ 13 ಡಿಗ್ರಿ. ಬಿಸಿನೀರು ಹೆಚ್ಚು ಬೇಕಾಗುವ ಚಳಿಗಾಲಕ್ಕೆಂದು 10 ಸೇರಿಸಿ, 23 ಡಿಗ್ರಿ ಓರೆ ಕೊಡಿ. ಪಕ್ಕದಲ್ಲಿ ಹೊಸ ಮಹಡಿ ಎದ್ದಿದ್ದರೆ ನೆರಳನ್ನು ಡಿಸೆಂಬರಿನಲ್ಲಿ ನೋಡಿ, ಆಗ ಅದು ಅತಿ ಉದ್ದ.

ಧೂಳನ್ನು ಬೆಳಿಗ್ಗೆ ಬಿಸಿಲೇರುವ ಮುನ್ನ ಒರೆಸಿ. ಟ್ಯೂಬ್ ಮಾದರಿಯದಾದರೆ, ಖಾಲಿಯಾಗಿ ಬಿಸಿಲಿಗೆ ಕಾದ ಟ್ಯೂಬಿಗೆ ತಣ್ಣೀರು ಬಿಟ್ಟರೆ ಗಾಜು ಒಡೆಯುತ್ತದೆ. ಸಂಜೆ ಆರಿದ ಮೇಲೆ ತುಂಬಿಸಿ.