ಮಲೆನಾಡಲ್ಲಿ ಮದುವೆ ಮಾಡಬೇಕಾ? ಮೊದಲು ರಸ್ತೆ ನೋಡಿ, ಹೂವು ಆಮೇಲೆ

ತೀರ್ಥಹಳ್ಳಿ ಕಡೆಯ ಒಂದು ಹೋಂಸ್ಟೇಯಲ್ಲಿ ಅಕ್ಕನ ಮಗಳ ಮದುವೆ ಮಾಡಿದೆವು. ಏಪ್ರಿಲ್ ತಿಂಗಳು, ಮಳೆಯ ಯೋಚನೆಯೇ ನಮಗಿರಲಿಲ್ಲ. ಹಿಂದಿನ ದಿನ ಸಂಜೆ ಗುಡುಗು ಮಳೆ ಹೊಡೆಯಿತು. ಬೆಂಗಳೂರಿಂದ ಬಂದ ದೊಡ್ಡ ಬಸ್ಸು ಮಣ್ಣಿನ ರಸ್ತೆಯ ಮೋರಿ ಹತ್ತಿರ ಹೂತುಕೊಂಡಿತು. ಎಪ್ಪತ್ತು ದಾಟಿದ ದೊಡ್ಡಮ್ಮ ಒಂದು ಕೈಯಲ್ಲಿ ಸೀರೆ ನೆರಿಗೆ, ಇನ್ನೊಂದು ಕೈಯಲ್ಲಿ ಚಪ್ಪಲಿ ಹಿಡಿದು ಕೆಸರಲ್ಲಿ ನಡೆದು ಬಂದಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಅವರು ಏನೂ ಅನ್ನಲಿಲ್ಲ. ಆದರೆ ನನಗೆ ತುಂಬಾ ನೋವಾಯಿತು.

ಹಾಗಾಗಿ ನನ್ನ ಮೊದಲ ಮಾತು ತಿಂಗಳ ಬಗ್ಗೆ. ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟೇಬಿಡಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ, ಯಾವ ಶಾಮಿಯಾನವೂ ಅದಕ್ಕೆ ತಡೆಯುವುದಿಲ್ಲ. ನವೆಂಬರ್ ಕೊನೆಯಿಂದ ಮುಹೂರ್ತ ಸಿಗುತ್ತವೆ, ನಡುವೆ ಧನುರ್ಮಾಸ ಬರುತ್ತದೆ, ಸಂಕ್ರಾಂತಿ ಕಳೆದ ಮೇಲೆ ಮತ್ತೆ ಶುರು. ಆದರೆ ಅದು ಅಡಿಕೆ ಕೊಯ್ಲಿನ ಕಾಲ. ಮನೆ ಅಂಗಳದ ತುಂಬ ಅಡಿಕೆ ಒಣಗುತ್ತಿರುತ್ತದೆ, ಆಳುಗಳು ಸಿಗುವುದಿಲ್ಲ. ನೀವು ಫೋಟೊದಲ್ಲಿ ನೋಡಿದ ಆ ಖಾಲಿ ಅಂಗಳ ಆಗ ಖಾಲಿ ಇರುವುದಿಲ್ಲ, ಕೇಳಿಕೊಳ್ಳಿ. ನನ್ನನ್ನು ಕೇಳಿದರೆ ಫೆಬ್ರವರಿ, ಮಾರ್ಚ್ ಒಳ್ಳೆಯದು. ಏಪ್ರಿಲ್, ಮೇನಲ್ಲಿ ಸಂಜೆ ಮಳೆಗೂ ಬಾವಿ ನೀರು ಇಳಿಯುವುದಕ್ಕೂ ತಯಾರಿರಬೇಕು. ಒಂದು ಟ್ಯಾಂಕರ್‌ಗೆ ಮೊದಲೇ ಹೇಳಿಡಿ.

ಜಾಗ ಒಪ್ಪುವ ಮುಂಚೆ ಒಂದು ರಾತ್ರಿ ಅಲ್ಲೇ ಉಳಿಯಿರಿ. ಫೋನ್ ಸಿಗ್ನಲ್ ಎಲ್ಲಿ ಬರುತ್ತದೆ, ಕರೆಂಟ್ ಹೋದರೆ ಜನರೇಟರ್ ಯಾವುದಕ್ಕೆಲ್ಲ ಸಾಲುತ್ತದೆ, ಬಸ್ಸು ತಿರುಗಿಸಲು ಜಾಗ ಇದೆಯಾ ನೋಡಿ. ನಾವು ಬಸ್ಸಿನ ವಿಷಯ ಕೇಳಿದಾಗ ಮಾಲೀಕರು ‘ಬರುತ್ತೆ ಬಿಡಿ’ ಅಂದಿದ್ದರು, ನಾವು ಅಷ್ಟಕ್ಕೇ ಸುಮ್ಮನಾದೆವು. ಈಗಾದರೆ ದೊಡ್ಡ ಬಸ್ಸನ್ನು ಡಾಂಬರು ರಸ್ತೆಯಲ್ಲೇ ನಿಲ್ಲಿಸಿ, ಅಲ್ಲಿಂದ ಟಿಟಿ (ಟೆಂಪೊ ಟ್ರಾವೆಲರ್), ಜೀಪಿನಲ್ಲಿ ಕರೆತರುತ್ತೇನೆ.

ಬಚ್ಚಲು ಎಣಿಸುವುದನ್ನು ಯಾರೂ ಮಾಡುವುದಿಲ್ಲ. ಅರವತ್ತು ಜನ ಉಳಿಯುತ್ತಾರೆ, ಆರು ಬಚ್ಚಲಿದೆ ಅಂತ ಇಟ್ಟುಕೊಳ್ಳಿ. ಒಬ್ಬರಿಗೆ ಹತ್ತೇ ನಿಮಿಷ ಅಂದರೂ ಒಂದು ಗಂಟೆ ನಲವತ್ತು ನಿಮಿಷ ಬೇಕು, ಅದೂ ಹೆಂಗಸರು ತಲೆಸ್ನಾನ ಮಾಡದಿದ್ದರೆ. ಗೀಸರ್ ಎಲ್ಲಾ ಒಟ್ಟಿಗೆ ಹಾಕಿದರೆ ಕರೆಂಟ್ ಟ್ರಿಪ್ ಆಗುತ್ತದೆ. ಹಂಡೆ ಒಲೆ ಇರುವ ಮನೆಯನ್ನೇ ಹುಡುಕಿ, ಬೆಳಗಿನ ಜಾವ ನಾಲ್ಕಕ್ಕೆ ಬೆಂಕಿ ಹಾಕಲು ಒಬ್ಬರನ್ನು ಗೊತ್ತು ಮಾಡಿ.

ಬರುವವರಿಗೆ ದಾರಿ ಸ್ಪಷ್ಟವಾಗಿ ಬರೆದು ಕಳಿಸಿ. ಬೆಂಗಳೂರಿಂದ ಶಿವಮೊಗ್ಗ ಸುಮಾರು 300 ಕಿಲೋಮೀಟರ್. ರೈಲು ಟಿಕೆಟ್ ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ, ಆ ದಿನವೇ ಎಲ್ಲರಿಗೂ ನೆನಪಿಸಿ. ಸಾಗರದ ಕಡೆ ಮದುವೆಯಾದರೆ ಸಾಗರ ಜಂಬಗಾರು ಸ್ಟೇಷನ್ ಹತ್ತಿರ. ಶಿವಮೊಗ್ಗ ಹತ್ತಿರದ ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣವೂ ಇದೆ. ಸಿಗಂದೂರಿಗೂ ಹೋಗಿ ಬರುತ್ತೇವೆ ಅನ್ನುವವರಿಗೆ ಲಾಂಚಿಗೆ ಕಾಯುವ ಕೆಲಸವಿಲ್ಲ, 2025ರ ಜುಲೈನಲ್ಲಿ ಸೇತುವೆ ಆಗಿದೆ. ಜೋಗ ಮಾತ್ರ ಬೇಸಿಗೆಯಲ್ಲಿ ಸಣ್ಣ ಎಳೆ, ಅದನ್ನು ನಂಬಿ ಫೋಟೊಶೂಟ್ ಇಟ್ಟುಕೊಳ್ಳಬೇಡಿ.

ಇನ್ನು ಊಟ. ಬೆಂಗಳೂರಿನ ಕೇಟರಿಂಗ್‌ನವರನ್ನು ದಯವಿಟ್ಟು ಇಲ್ಲಿಗೆ ಕರೆತರಬೇಡಿ. ಮೂರು ತಿಂಗಳು ಮುಂಚೆಯೇ ಊರಿನ ಅಡುಗೆ ಭಟ್ಟರ ಮನೆಗೆ ಹೋಗಿ ಮಾತಾಡಿ, ಒಳ್ಳೆಯ ಮುಹೂರ್ತಕ್ಕೆ ಅವರು ಸಿಗುವುದೇ ಕಷ್ಟ. ಅವರು ಮೊದಲು ಕೇಳುವುದು ಪಂಕ್ತಿ ಎಷ್ಟು ಅಂತ. ಆಯಾ ಕಾಲಕ್ಕೆ ಸಿಕ್ಕಿದ್ದನ್ನು ಅವರಿಗೇ ಬಿಡಿ. ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಬಂದಿದ್ದರೆ ಅದರ ತಿಳಿಸಾರು ಅಪ್ಪೆಹುಳಿ, ಎಳೆ ಹಲಸು ಇದ್ದರೆ ಅದರ ಪಲ್ಯ, ಜೊತೆಗೆ ಒಂದು ತಂಬುಳಿ. ನಮ್ಮ ಮದುವೆಯಲ್ಲಿ ಅಪ್ಪೆಹುಳಿಯನ್ನು ಜನ ಲೋಟದಲ್ಲಿ ಕೇಳಿ ಕುಡಿದರು. ಬೀಗರೂಟ ಮಾಡುವವರು ಕಡುಬು, ಕೋಳಿ ಸಾರು ಬಿಡಬೇಡಿ.

ಒಂದು ಮಾತು ಗಂಭೀರವಾಗಿ ಹೇಳಬೇಕು. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಸರಿಯಾಗಿ ಮದುವೆಗಳ ಕಾಲದಲ್ಲೇ, ಇದರ ಭಯ ಜಾಸ್ತಿ. ಉಣುಗು (ಉಣ್ಣೆ ಹುಳ) ಕಚ್ಚಿ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆ ಭಾಗದಲ್ಲಿ ಆ ವರ್ಷ ಕಾಯಿಲೆ ಇದೆಯಾ ಅಂತ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಕೇಳಿ. ಇದ್ದರೆ ನೆಂಟರ ಮಕ್ಕಳನ್ನು ಕಾಡಿಗೆ, ತರಗೆಲೆ ರಾಶಿಗೆ ಬಿಡಬೇಡಿ. ಹಾಗೇ ಪಟಾಕಿ ಬೇಡವೇ ಬೇಡ. ಮಾರ್ಚ್‌ನಲ್ಲಿ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಒಣಗಿ ನಿಂತಿರುತ್ತದೆ, ಒಂದು ಕಿಡಿ ಸಾಕು. ಮೈಕ್‌ಸೆಟ್ ರಾತ್ರಿ 10ಕ್ಕೆ ನಿಲ್ಲಬೇಕು, ಅದು ಕಾನೂನು.

ಮದುವೆ ನೋಂದಣಿಗೆ ಕಾವೇರಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಲಗ್ನಪತ್ರಿಕೆ, ಮದುವೆ ಫೋಟೊ ಜೋಪಾನ ಮಾಡಿಟ್ಟುಕೊಳ್ಳಿ.

ಕೊನೆಯದಾಗಿ, ಮದುವೆಗೆ ಒಂದು ವಾರ ಮುಂಚೆ ಸುತ್ತಮುತ್ತಲ ಮನೆಗಳಿಗೆ ಹೋಗಿ ಕರೆದು ಬನ್ನಿ. ಬಾಡಿಗೆ ಜಾಗ ಅಲ್ವಾ ಅಂತ ನಾವು ಯಾರನ್ನೂ ಕರೆದಿರಲಿಲ್ಲ. ಅವತ್ತು ಮಳೆಯಲ್ಲಿ ಬಸ್ಸು ಹೂತಾಗ ಪಕ್ಕದ ತೋಟದ ಮನೆಯ ಹುಡುಗರು ಕೇಳದೇ ಜೀಪು ತಂದು ನಾಲ್ಕು ಸಲ ಓಡಾಡಿ ಉಳಿದವರನ್ನೆಲ್ಲ ಮುಟ್ಟಿಸಿದರು. ರಾತ್ರಿ ಒಂಬತ್ತಕ್ಕೆ ಅಕ್ಕ ಟಾರ್ಚ್ ಹಿಡಿದು, ಕುಂಕುಮದ ಭರಣಿ ತಗೊಂಡು ಅವರ ಮನೆಗೆ ಕರೆಯಲು ಹೋದಳು. ಬೆಳಿಗ್ಗೆ ಆ ಮನೆಯ ಅಮ್ಮ ಬರುವಾಗ ಬಾಳೆ ನಾರಲ್ಲಿ ಕಟ್ಟಿದ ಮಲ್ಲಿಗೆ ದಂಡೆ ತಂದರು. ಹುಡುಗಿ ಮುಡಿದಿದ್ದು ಅದನ್ನೇ.